ಅದು ಯಾರ ನಾಯಿ ಆಗುತ್ತದೆ?

ಪ್ರಶ್ನೆ: ನಮ್ಮ ಮಗಳಿಗೆ 9 ವರ್ಷ, ಮಗನಿಗೆ 4. ಒಂದು ವರ್ಷದಿಂದ ಮಗಳದು ಒಂದೇ ವರಾತ, ನಾಯಿಮರಿ ಬೇಕು ಅಂತ. ಮುಂದಿನ ತಿಂಗಳು ಅವಳ ಹುಟ್ಟುಹಬ್ಬ. ಚಿಕ್ಕಂದಿನಲ್ಲಿ ನಾಯಿಯ ಜೊತೆಗೇ ಬೆಳೆದ ನನ್ನ ಪತಿಗೂ ತುಂಬಾ ಆಸೆ. ನಾವಿಬ್ಬರೂ ಬೆಳಿಗ್ಗೆ ಕೆಲಸಕ್ಕೆ ಹೋದರೆ ಬರುವುದು ಸಂಜೆಯೇ. ಮನೆಯಲ್ಲಿ ಅತ್ತೆ ಇರುತ್ತಾರೆ, ಅವರಿಗೆ ಮಂಡಿನೋವು. ನಾಯಿ ಅಂದರೆ ಅವರಿಗೆ ಭಯವಿಲ್ಲ, ಹಾಗಂತ ಇಷ್ಟವೂ ಇದ್ದಂತಿಲ್ಲ. ಮಗನಿಗೆ ಆಗಾಗ ಉಬ್ಬಸ ಬರುತ್ತದೆ. ನನಗೆ ನಾಯಿ ಬೇಡ ಅಂತೇನಿಲ್ಲ. ಆದರೆ ಕೊನೆಗೆ ಎಲ್ಲ ನನ್ನ ತಲೆ ಮೇಲೇ ಬರುತ್ತದೆ ಎಂಬ ಅಳುಕು. ಬಾಯಿಬಿಟ್ಟು ಹೇಳಿದರೆ ಮನೆಯಲ್ಲಿ ನಾನೇ ಕಲ್ಲು ಮನಸ್ಸಿನವಳಾಗುತ್ತೇನೆ. ತರಬೇಕೋ ಬೇಡವೋ? ತರುವುದಾದರೆ ಎಂಥ ನಾಯಿ?

ಉತ್ತರ:

ನಿಮ್ಮ ಪತ್ರದಲ್ಲಿ ನನ್ನ ಮನಸ್ಸಿಗೆ ನಾಟಿದ್ದು ಆ ಅಳುಕು. ದಯವಿಟ್ಟು ಅದನ್ನು ಕಲ್ಲು ಮನಸ್ಸು ಅಂದುಕೊಳ್ಳಬೇಡಿ. ನಾಯಿ ಬಂದ ಮೇಲೆ ಅದರ ಹಗಲು ರಾತ್ರಿ ಹೇಗೆ ಕಳೆಯುತ್ತದೆ ಅಂತ ನಿಮ್ಮ ಮನೆಯಲ್ಲಿ ಇದುವರೆಗೆ ಯೋಚಿಸಿದವರು ನೀವೊಬ್ಬರೇ. ಉಳಿದವರ ಕಣ್ಣೆದುರು ಇರುವುದು ನಾಯಿ ಮನೆಗೆ ಬರುವ ಆ ಒಂದು ದಿನ.

ಸುತ್ತಿ ಬಳಸದೆ ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಹುಟ್ಟುಹಬ್ಬಕ್ಕೆ ಮರಿ ತರಬೇಡಿ. ಆರು ತಿಂಗಳು ಕಾಯಿರಿ. ಅಷ್ಟರಲ್ಲಿ ಮಗನ ಉಬ್ಬಸದ ವಿಷಯ ಸ್ಪಷ್ಟವಾಗಿ, ಅತ್ತೆಯವರು ಮನಃಪೂರ್ವಕವಾಗಿ ಒಪ್ಪಿ, ನಿಮ್ಮ ಪತಿ "ಇದು ನನ್ನ ನಾಯಿ, ಇದರ ಪೂರ್ತಿ ಹೊಣೆ ನನ್ನದು" ಅಂತ ನಡೆದು ತೋರಿಸಿದರೆ, ಮೂರು ನಾಲ್ಕು ವರ್ಷ ತುಂಬಿದ, ಸ್ವಭಾವ ಗೊತ್ತಿರುವ ಒಂದು ನಾಯಿಯನ್ನು ತನ್ನಿ. ಈ ಮೂರರಲ್ಲಿ ಒಂದು ತಪ್ಪಿದರೂ ಬೇಡ.

ಪಶುವೈದ್ಯೆಯಾಗಿ ನಾನು ಪರೀಕ್ಷೆಯ ಮೇಜಿನ ಮೇಲೆ ನಾಯಿಯನ್ನು ನಿಲ್ಲಿಸಿಕೊಂಡಾಗ ಕೇಳುವ ಮೊದಲ ಪ್ರಶ್ನೆ, "ಇದಕ್ಕೆ ಊಟ ಹಾಕುವವರು ಯಾರು?" ಕೆಲವು ಮನೆಯವರಲ್ಲಿ ಒಬ್ಬರು ತಟ್ಟನೆ "ನಾನು" ಅನ್ನುತ್ತಾರೆ. ಆಮೇಲೆ ಎಲ್ಲವೂ ಸಲೀಸು. ನಿನ್ನೆ ಎಷ್ಟು ತಿಂದಿತು, ಯಾವಾಗ ವಾಂತಿ ಮಾಡಿತು, ಹೊರಗೆ ಹೋದಾಗ ಮಲ ಗಟ್ಟಿಯಿತ್ತೋ ತೆಳ್ಳಗಿತ್ತೋ, ಎಲ್ಲ ಅವರ ಬಾಯಲ್ಲೇ ಇರುತ್ತದೆ. ಇನ್ನು ಕೆಲವರು ಮುಖ ಮುಖ ನೋಡಿಕೊಂಡು, "ನಾವೆಲ್ಲ ಸೇರಿ ನೋಡಿಕೊಳ್ಳುತ್ತೇವೆ ಡಾಕ್ಟ್ರೇ" ಅನ್ನುತ್ತಾರೆ. ಕೇಳಲು ಹಿತವಾದ ಮಾತು. ಆದರೆ ಎರಡು ದಿನದಿಂದ ನಾಯಿ ಏನೂ ತಿಂದಿಲ್ಲ ಅನ್ನುವುದು ಅಂಥ ಮನೆಯಲ್ಲಿ ಮೂರನೇ ದಿನ ಗೊತ್ತಾಗುತ್ತದೆ. ಪ್ರತಿಯೊಬ್ಬರೂ ಇನ್ನೊಬ್ಬರು ಹಾಕಿರುತ್ತಾರೆ ಅಂದುಕೊಂಡಿರುತ್ತಾರೆ. ಮನೆಯವರೆಲ್ಲ ಪ್ರೀತಿಸಲಿ, ಸಂತೋಷವೇ. ಹೊಣೆ ಮಾತ್ರ ವಯಸ್ಸಿಗೆ ಬಂದ ಒಬ್ಬರ ಹೆಸರಿನಲ್ಲಿರಬೇಕು, ಅದೂ ಅವರು ತಾವಾಗಿ ಬಯಸಿ ಹೊತ್ತುಕೊಂಡದ್ದಾಗಿರಬೇಕು. ಯಾರೂ ಬಯಸದಿದ್ದರೆ ಅದು ತಾನಾಗಿ ಹೋಗಿ ಬೀಳುವುದು ಮನೆಯಲ್ಲಿ ಆಗಲೇ ಹೆಚ್ಚು ಕೆಲಸ ಮಾಡುತ್ತಿರುವವರ ಮೇಲೆ. ನಿಮ್ಮ ಅಳುಕಿನ ಅರ್ಥ ಅದೇ, ಮತ್ತು ಅದು ಸರಿಯಾಗಿಯೇ ಇದೆ.

ಒಮ್ಮೆ ಗಂಡ, ಹೆಂಡತಿ, ಹತ್ತು ವರ್ಷದ ಹುಡುಗ ಒಂದು ಲ್ಯಾಬ್ರಡಾರ್ ಕರೆದುಕೊಂಡು ಬಂದರು. ನಾಯಿಗೆ ಹತ್ತು ತಿಂಗಳು. ಕಾಯಿಲೆ ಏನೂ ಇರಲಿಲ್ಲ. ತಾಯಿ ತಗ್ಗಿದ ದನಿಯಲ್ಲಿ, "ಬೇರೆ ಯಾರಾದರೂ ಸಾಕುವವರಿದ್ದರೆ ಹೇಳಿ" ಅಂದರು. ಕುರ್ಚಿಯ ಕಾಲು ಕಡಿದಿದೆ, ಬಾಗಿಲು ಕೆರೆದಿದೆ, ಹಗ್ಗ ಹಿಡಿದರೆ ಎಳೆದುಕೊಂಡೇ ಹೋಗುತ್ತದೆ, ಹಗಲೆಲ್ಲ ಬೊಗಳುತ್ತದೆ ಅಂತ ಅಕ್ಕಪಕ್ಕದವರ ದೂರು. ಹುಡುಗ ಒಂದು ಮಾತೂ ಆಡಲಿಲ್ಲ. ನಾಯಿಯ ಹಗ್ಗವನ್ನು ಅಂಗೈಗೆ ಎರಡು ಸುತ್ತು ಸುತ್ತಿಕೊಂಡು ಗೋಡೆಗೆ ಒರಗಿ ನಿಂತಿದ್ದ. ಬೆರಳ ತುದಿಗಳು ಕೆಂಪಾಗಿದ್ದವು. ನಾಯಿ ಮಾತ್ರ ನಮ್ಮೆಲ್ಲರ ಮುಖ ನೋಡಿ ನೋಡಿ ಬಾಲ ಅಲ್ಲಾಡಿಸುತ್ತಿತ್ತು.

ಆ ನಾಯಿಯಲ್ಲಿ ಯಾವ ದೋಷವೂ ಇರಲಿಲ್ಲ. ಅದಕ್ಕೆ ಹರೆಯ ಬಂದಿತ್ತು, ಅಷ್ಟೆ. ಆರು ತಿಂಗಳಿಂದ ಒಂದೂವರೆ ವರ್ಷದವರೆಗೆ ನಾಯಿಗಳಿಗೆ ಮೈಯಲ್ಲಿ ದೊಡ್ಡವರ ಬಲ, ತಲೆಯಲ್ಲಿ ಮರಿಯ ಬುದ್ಧಿ. ಕಲಿಸಿದ್ದನ್ನೆಲ್ಲ ಮರೆತಂತೆ ಆಡುತ್ತವೆ. ಮನೆ ಬಿಡಿಸಿಕೊಳ್ಳುವ ನಾಯಿಗಳಲ್ಲಿ ಬಹಳಷ್ಟು ಈ ವಯಸ್ಸಿನವೇ. ಎರಡು ತಿಂಗಳ ಮರಿಯನ್ನು ಬಿಟ್ಟುಬಿಡಿ ಅಂತ ಯಾರೂ ಹೇಳುವುದಿಲ್ಲ, ಅದರ ಮುಖವೇ ಅದನ್ನು ಕಾಯುತ್ತದೆ. ಹತ್ತನೇ ತಿಂಗಳಲ್ಲಿ ಆ ಮುಖ ಇರುವುದಿಲ್ಲ.

ಈಗ ನಿಮ್ಮ ಮಗಳ ವಿಷಯ. "ಎಲ್ಲ ನಾನೇ ಮಾಡ್ತೀನಿ ಅಮ್ಮ" ಅಂತ ಅವಳು ಮಾತು ಕೊಟ್ಟಿರುತ್ತಾಳೆ. ಆ ಮಾತಿನಲ್ಲಿ ಸುಳ್ಳಿಲ್ಲ, ಅವಳು ಅದನ್ನು ಪೂರ್ತಿ ನಂಬಿಯೇ ಹೇಳುತ್ತಿದ್ದಾಳೆ. ಆದರೆ ಒಂಬತ್ತು ವರ್ಷದ ಮಗುವಿಗೆ ಆ ಮಾತಿನ ಉದ್ದ ತಿಳಿಯದು. ಸಣ್ಣ ತಳಿಯ ನಾಯಿಗಳು 12ರಿಂದ 16 ವರ್ಷ ಬದುಕುತ್ತವೆ, ಮಧ್ಯಮ ಗಾತ್ರದವು 10ರಿಂದ 13, ಗ್ರೇಟ್ ಡೇನ್‌ನಂಥ ಭಾರಿ ನಾಯಿಗಳು 7ರಿಂದ 10. ಈಗ ಮರಿ ತಂದರೆ ಅವಳು ಕಾಲೇಜಿಗೆ ಹೊರಡುವ ಹೊತ್ತಿಗೆ ಅದು ಮುದಿ ನಾಯಿ. ಕಣ್ಣಿಗೆ ಪೊರೆ, ಕೀಲುನೋವು, ರಾತ್ರಿ ಎರಡು ಸಲ ಹೊರಗೆ ಎತ್ತಿಕೊಂಡು ಹೋಗಬೇಕಾದ ವಯಸ್ಸು. ಆ ಕಾಲಕ್ಕೆ ಅದನ್ನು ನೋಡಿಕೊಳ್ಳಲು ಉಳಿದಿರುವವರು ನೀವಿಬ್ಬರು.

ಒಂಬತ್ತರ ಹುಡುಗಿಗೆ ಸಾಧ್ಯವಾಗುವ ಕೆಲಸಗಳೂ ಇವೆ. ನೀರಿನ ಬಟ್ಟಲು ತೊಳೆದು ತುಂಬಿಸುವುದು, ಕೂದಲು ಬಾಚುವುದು, "ಕೂತ್ಕೋ", "ಬಾ" ಕಲಿಸುವುದು, ಸಂಜೆ ಚೆಂಡಾಟ. ಕಲಿಸುವುದರಲ್ಲಂತೂ ಆ ವಯಸ್ಸಿನ ಮಕ್ಕಳು ದೊಡ್ಡವರಿಗಿಂತ ಚುರುಕು. ಆದರೆ ಎದುರಿಗೆ ಇನ್ನೊಂದು ನಾಯಿ ಬಂದಾಗ 25 ಕಿಲೋ ತೂಕದ ಪ್ರಾಣಿಯನ್ನು ಹಿಡಿದು ನಿಲ್ಲಿಸುವುದು ಅವಳಿಂದಾಗದು. ಒಸಡು ಬಿಳಿಚಿಕೊಂಡಿದೆ, ಇದು ಮೈಗೆ ಅಂಟಿ ರಕ್ತ ಹೀರುವ ಉಣ್ಣೆಯಿಂದ ಬರುವ ಜ್ವರವಿರಬಹುದು ಅಂತ ಗುರುತಿಸುವುದೂ ಆಗದು. ಮಕ್ಕಳಿಗೆ ಜವಾಬ್ದಾರಿ ಕಲಿಸಲು ನಾಯಿ ತರುತ್ತೇವೆ ಅನ್ನುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಪಾಠ ಕಲಿಯದೆ ಹೋದರೆ ಮಗುವಿಗೆ ಏನೂ ಆಗುವುದಿಲ್ಲ. ಹಸಿದುಕೊಂಡು ಕೂರುವುದು ನಾಯಿ.

ಆದ್ದರಿಂದ ಮೊದಲು ಒಂದು ಹಾಳೆ ತೆಗೆದುಕೊಂಡು ನಿಮ್ಮ ಮನೆಯ ಒಂದು ಬುಧವಾರವನ್ನು ಬರೆಯಿರಿ. ಭಾನುವಾರ ಬೇಡ, ಭಾನುವಾರ ಎಲ್ಲರ ಮನೆಯಲ್ಲೂ ನಾಯಿಗೆ ಸಮಯವಿರುತ್ತದೆ. ಬೆಳಿಗ್ಗೆ ಎದ್ದಾಗಿನಿಂದ ದೀಪ ಆರಿಸುವವರೆಗೆ ಯಾರು ಎಲ್ಲಿರುತ್ತಾರೆ ಅಂತ ಗಂಟೆ ಗಂಟೆಗೆ ಬರೆದು, ಪಕ್ಕದಲ್ಲಿ ನಾಯಿಯ ದಿನವನ್ನು ಬರೆಯಿರಿ. ಎರಡು ತಿಂಗಳ ಮರಿ ದಿನಕ್ಕೆ 18ರಿಂದ 20 ಗಂಟೆ ನಿದ್ದೆ ಮಾಡುತ್ತದೆ ನಿಜ, ಆದರೆ ತುಂಡು ತುಂಡಾಗಿ. ಎದ್ದ ಕೂಡಲೇ ಮೂತ್ರ, ತಿಂದ ಕೂಡಲೇ ಮಲ, ಆಡಿದ ಮೇಲೆ ಮತ್ತೆ ಮೂತ್ರ. ಮರಿಗೆ ಎಷ್ಟು ತಿಂಗಳೋ ಅಷ್ಟು ಗಂಟೆ ತಡೆದುಕೊಳ್ಳಬಲ್ಲದು ಅನ್ನುವುದು ಸುಮಾರಾಗಿ ಸರಿಯಾದ ಲೆಕ್ಕ. ಅಂದರೆ ಎರಡು ತಿಂಗಳದಕ್ಕೆ ಎರಡು ಗಂಟೆ. ಊಟ ದಿನಕ್ಕೆ ನಾಲ್ಕು ಸಲ, ನಾಲ್ಕು ತಿಂಗಳಾದ ಮೇಲೆ ಮೂರು, ಆರು ತಿಂಗಳ ನಂತರ ಎರಡು. ರಾತ್ರಿ ಒಂದು ಗಂಟೆಗೆ ಒಂದು ಸಲ, ನಾಲ್ಕು ಗಂಟೆಗೆ ಇನ್ನೊಂದು ಸಲ ಎದ್ದು ಹೊರಗೆ ಒಯ್ಯಬೇಕು. ನಾಲ್ಕು ತಿಂಗಳಿಗೆ 28 ಹಾಲುಹಲ್ಲು ಬೀಳಲು ಶುರುವಾಗಿ 42 ಹೊಸ ಹಲ್ಲು ಬರುವವರೆಗೆ ಒಸಡಿನ ಕಡಿತ. ಸಿಕ್ಕಿದ್ದನ್ನೆಲ್ಲ ಕಡಿಯುತ್ತದೆ, ನಿಮ್ಮ ನಾಲ್ಕು ವರ್ಷದ ಮಗನ ಕೈಯನ್ನೂ ಸೇರಿಸಿ.

ಇನ್ನೊಂದು ವಿಷಯವನ್ನು ಮರಿ ಮಾರುವವರು ಹೇಳುವುದಿಲ್ಲ. ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ಎಂಬ ಇಬ್ಬರು ವಿಜ್ಞಾನಿಗಳು ಅಮೆರಿಕದ ಬಾರ್ ಹಾರ್ಬರ್‌ನಲ್ಲಿ ವರ್ಷಗಟ್ಟಲೆ ನಾಯಿಮರಿಗಳನ್ನು ಗಮನಿಸಿ 1965ರಲ್ಲಿ ವಿವರವಾಗಿ ದಾಖಲಿಸಿದ ಸಂಗತಿ ಇದು. ಹುಟ್ಟಿದ ಮೂರನೇ ವಾರದಿಂದ ಸುಮಾರು ಹನ್ನೆರಡನೇ ವಾರದವರೆಗೆ ಮರಿಯ ಮನಸ್ಸು ಹಸಿ ಮಣ್ಣಿನ ಹಾಗೆ. ಆ ಅವಧಿಯಲ್ಲಿ ಮಕ್ಕಳು, ಮುದುಕರು, ಕೊಡೆ, ವಾಹನದ ಸದ್ದು, ಬೇರೆ ನಾಯಿ, ಇವೆಲ್ಲ ಹಿತವಾಗಿ ಪರಿಚಯವಾದರೆ ಜೀವನಪೂರ್ತಿ ಅವುಗಳ ಬಗ್ಗೆ ಭಯವಿರುವುದಿಲ್ಲ. ಆಗ ಒಂಟಿಯಾಗಿ ಬೆಳೆದ ಮರಿ ಮುಂದೆ ಅಂಜುಬುರುಕನಾಗುತ್ತದೆ, ಕಚ್ಚುವ ನಾಯಿಗಳಲ್ಲಿ ಬಹಳಷ್ಟು ಅಂಜುಬುರುಕ ನಾಯಿಗಳೇ. ತೊಡಕು ಎಲ್ಲಿ ಅಂದರೆ, ಎಂಟು ವಾರ ತುಂಬುವ ಮುಂಚೆ ಮರಿಯನ್ನು ತಾಯಿಯಿಂದ ಬಿಡಿಸಬಾರದು. ಮರಿಗಳ ಪ್ರಾಣ ತೆಗೆಯುವ ಪಾರ್ವೊ, ಡಿಸ್ಟೆಂಪರ್ ಎಂಬ ವೈರಾಣು ರೋಗಗಳ ಲಸಿಕೆಗಳು ಆರರಿಂದ ಎಂಟನೇ ವಾರಕ್ಕೆ ಶುರುವಾಗಿ ಮೂರು ನಾಲ್ಕು ವಾರಕ್ಕೊಮ್ಮೆ 16ನೇ ವಾರದವರೆಗೆ ನಡೆಯುತ್ತವೆ. ಅಲ್ಲಿಯವರೆಗೆ ಸಿಕ್ಕಸಿಕ್ಕ ಜಾಗದಲ್ಲಿ ನೆಲಕ್ಕೆ ಬಿಡುವಂತೆಯೂ ಇಲ್ಲ. ಪಾರ್ವೊ ವೈರಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಹಾಗಾಗಿ ಮರಿಯನ್ನು ಕಂಕುಳಲ್ಲಿ ಎತ್ತಿಕೊಂಡು ಜಗತ್ತು ತೋರಿಸುತ್ತ ತಿರುಗುವ ಒಬ್ಬರು ಬೇಕು, ಅದೂ ಕೇವಲ ನಾಲ್ಕೈದು ವಾರಗಳ ಒಳಗೆ. ಬೆಳಿಗ್ಗೆ ಹೋಗಿ ಸಂಜೆ ಬರುವ ನಿಮ್ಮಿಬ್ಬರಲ್ಲಿ ಯಾರಿಗೆ ಆ ಬಿಡುವಿದೆ?

"ಅಮ್ಮ ಮನೆಯಲ್ಲೇ ಇರ್ತಾರಲ್ಲ" ಅಂತ ನಿಮ್ಮ ಪತಿ ಹೇಳಬಹುದು. ಈ ಮಾತನ್ನು ನಾನು ಲೆಕ್ಕವಿಲ್ಲದಷ್ಟು ಸಲ ಕೇಳಿದ್ದೇನೆ, ಪ್ರತಿ ಸಲವೂ ಕೋಪ ಬಂದಿದೆ. ಮನೆಯಲ್ಲಿರುವುದು ಬೇರೆ, ನಾಯಿ ನೋಡಿಕೊಳ್ಳಲು ಒಪ್ಪಿರುವುದು ಬೇರೆ. ಮರಿ ನಡೆಯುವವರ ಕಾಲಿನ ಮಧ್ಯೆಯೇ ಓಡಾಡುತ್ತದೆ, ಸೀರೆಯ ಅಂಚು ಕಚ್ಚಿ ಎಳೆಯುತ್ತದೆ, ನಡೆಯುವ ದಾರಿಯಲ್ಲೇ ಒದ್ದೆ ಮಾಡಿರುತ್ತದೆ. ಮಂಡಿನೋವಿನವರು ಒಮ್ಮೆ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರೆ ನಿಮ್ಮ ಮನೆಯ ದಿನಚರಿಯೇ ತಲೆಕೆಳಗಾಗುತ್ತದೆ. ಅವರ ನೋವಿನ ಮಾತ್ರೆಯ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಐಬುಪ್ರೊಫೆನ್, ಡೈಕ್ಲೋಫೆನಾಕ್, ಪ್ಯಾರಸಿಟಮಾಲ್ ನಮಗೆ ದಿನಬಳಕೆಯ ಮಾತ್ರೆಗಳು. ನೆಲಕ್ಕೆ ಬಿದ್ದ ಅದೇ ಮಾತ್ರೆಯನ್ನು ಪುಟ್ಟ ನಾಯಿ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣು, ಮೂತ್ರಪಿಂಡ ಇಲ್ಲವೇ ಪಿತ್ತಜನಕಾಂಗಕ್ಕೆ ಪೆಟ್ಟು. ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ ಕೂಡ ನಾಯಿಗೆ ವಿಷವೇ. ಮಕ್ಕಳಿರುವ ಮನೆಯಲ್ಲಿ ಇವೆಲ್ಲ ನೆಲಕ್ಕೆ ಬೀಳದ ದಿನವಿರುತ್ತದೆಯೇ?

ಅತ್ತೆಯವರನ್ನು ಎಲ್ಲರೂ ಸುತ್ತ ಕೂತಿರುವಾಗ ಕೇಳಬೇಡಿ. ಮೊಮ್ಮಗಳು ಆಸೆಗಣ್ಣಿನಿಂದ ನೋಡುತ್ತಿರುವಾಗ ಯಾವ ಅಜ್ಜಿಯ ಬಾಯಲ್ಲೂ "ಬೇಡ" ಬರುವುದಿಲ್ಲ. ನೀವೊಬ್ಬರೇ ಇದ್ದಾಗ, "ಬೇಡ ಅಂದರೂ ನಡೆಯುತ್ತದೆ ಅತ್ತೆ, ಅದು ನಿಮ್ಮಿಂದ ಅಂತ ಯಾರಿಗೂ ಹೇಳುವುದಿಲ್ಲ" ಅಂತ ಹೇಳಿ ಕೇಳಿ.

ಮಗನ ಉಬ್ಬಸವನ್ನು ನಾನು ಇಷ್ಟು ತಡವಾಗಿ ಎತ್ತಿಕೊಂಡೆ, ಆದರೆ ಕ್ರಮದಲ್ಲಿ ಅದೇ ಮೊದಲು. ಬೇರೆ ಯಾವುದಕ್ಕೂ ಮುಂಚೆ ಅವನನ್ನು ನೋಡುವ ಮಕ್ಕಳ ವೈದ್ಯರ ಹತ್ತಿರ ಮಾತಾಡಿ, ಅಲರ್ಜಿ ಪರೀಕ್ಷೆ ಬೇಕೇ ಅಂತ ಕೇಳಿ. ಅಲರ್ಜಿ ತರುವುದು ನಾಯಿಯ ಕೂದಲು ಅಂತ ಬಹಳ ಜನ ತಿಳಿದಿದ್ದಾರೆ. ನಿಜವಾಗಿ ತರುವುದು ಅದರ ಜೊಲ್ಲು, ಚರ್ಮದ ಹೊಟ್ಟು, ಮೂತ್ರದಲ್ಲಿರುವ ಪ್ರೋಟೀನುಗಳು. ಹಾಗಾಗಿ "ಕೂದಲು ಉದುರದ ತಳಿ, ಅಲರ್ಜಿ ಆಗುವುದೇ ಇಲ್ಲ" ಎಂಬ ಮಾತನ್ನು ನಂಬಬೇಡಿ. ಅಂಥ ತಳಿಗಳಿದ್ದ ಮನೆಗಳಲ್ಲಿ ಅಳೆದು ನೋಡಿದಾಗ ಆ ಪ್ರೋಟೀನು ಬೇರೆ ನಾಯಿಗಳಿದ್ದ ಮನೆಗಳಿಗಿಂತ ಕಡಿಮೆಯೇನೂ ಇರಲಿಲ್ಲ. ನಾಯಿ ಇದ್ದರೆ ಮಕ್ಕಳಿಗೆ ಅಸ್ತಮಾ ಬರುವುದಿಲ್ಲವಂತೆ ಅಂತಲೂ ಯಾರಾದರೂ ಹೇಳಬಹುದು. ಹುಟ್ಟಿದ ಮೊದಲ ವರ್ಷದಲ್ಲಿ ಮನೆಯಲ್ಲಿ ನಾಯಿ ಇದ್ದ ಮಕ್ಕಳಿಗೆ ಮುಂದೆ ಅಸ್ತಮಾ ಸ್ವಲ್ಪ ಕಡಿಮೆ ಎಂದು ಸ್ವೀಡನ್ನಿನ ಒಂದು ದೊಡ್ಡ ಅಧ್ಯಯನ 2015ರಲ್ಲಿ ಹೇಳಿದ್ದು ನಿಜ. ಅದು ಕೂಸುಗಳ ಮಾತು. ಆಗಲೇ ಉಬ್ಬಸ ಬರುತ್ತಿರುವ ನಾಲ್ಕು ವರ್ಷದ ಮಗುವಿಗೆ ನಾಯಿ ಔಷಧಿಯಲ್ಲ. ವೈದ್ಯರು ಅಡ್ಡಿಯಿಲ್ಲ ಅಂದರೆ, ನಾಯಿ ಇರುವ ಪರಿಚಯದವರ ಮನೆಗೆ ಅವನನ್ನು ಒಂದೆರಡು ಗಂಟೆಯಂತೆ ಐದಾರು ಸಲ ಕರೆದುಕೊಂಡು ಹೋಗಿ ನೋಡಿ. ನಾಯಿ ತಂದು, ಮಗ ಒದ್ದಾಡಿ, ವಾಪಸು ಕಳುಹಿಸಿದರೆ ಅಲ್ಲಿಗೆ ಮುಗಿಯುವುದಿಲ್ಲ. ನಾಯಿ ಹೋದ ಮೇಲೂ ಆ ಪ್ರೋಟೀನು ಮನೆಯ ಹಾಸಿಗೆ, ಪರದೆಗಳಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಮಗಳ ದುಃಖವಂತೂ ಅದಕ್ಕಿಂತ ಹೆಚ್ಚು ಕಾಲ.

ಕಚ್ಚುವುದರ ಬಗ್ಗೆ ನೀವು ಕೇಳಿಲ್ಲ. ನಾಲ್ಕು ವರ್ಷದ ಮಗುವಿರುವ ಮನೆಗೆ ನಾನು ಹೇಳದೆ ಬಿಡಲಾರೆ. ಜನ ನನಗೆ ಫೋನಿನಲ್ಲಿ ಫೋಟೊ ತೋರಿಸುತ್ತಾರೆ, ಮಗು ನಾಯಿಯ ಕುತ್ತಿಗೆಗೆ ಜೋತುಬಿದ್ದು ನಗುತ್ತಿರುತ್ತದೆ. ಎಲ್ಲರೂ ಮಗುವನ್ನು ನೋಡುತ್ತಾರೆ, ನಾನು ನಾಯಿಯ ಮುಖ ನೋಡುತ್ತೇನೆ. ಬಹಳ ಸಲ ಅದರ ಬಾಯಿ ಬಿಗಿಯಾಗಿ ಮುಚ್ಚಿರುತ್ತದೆ, ತಲೆ ಮಗುವಿನಿಂದ ಆಚೆಗೆ ತಿರುಗಿರುತ್ತದೆ, ಕಿವಿ ಹಿಂದಕ್ಕೆ ಅಂಟಿಕೊಂಡಿರುತ್ತದೆ, ಕಣ್ಣಿನ ಬಿಳಿ ಭಾಗ ಅರ್ಧಚಂದ್ರದ ಹಾಗೆ ಕಾಣುತ್ತಿರುತ್ತದೆ. "ನನಗೆ ಇದು ಸಾಕು, ಬಿಡಿಸಿ" ಅಂತ ನಾಯಿ ಹೇಳುವ ರೀತಿ ಅದು. ನಿದ್ದೆ ಬಂದಿರದಿದ್ದರೂ ಆಕಳಿಸುವುದು, ತಿನ್ನಲು ಏನೂ ಇಲ್ಲದೆ ತುಟಿ ನೆಕ್ಕಿಕೊಳ್ಳುವುದು, ಇದ್ದಕ್ಕಿದ್ದಂತೆ ಮರಗಟ್ಟಿದ ಹಾಗೆ ನಿಲ್ಲುವುದು, ಇವೂ ಅದೇ ಮಾತು. ಇಷ್ಟಕ್ಕೂ ಯಾರೂ ಕಿವಿಗೊಡದಿದ್ದರೆ ಗುರ್ ಅನ್ನುತ್ತದೆ. ಗುರ್ ಅಂದ ನಾಯಿಗೆ ದಯವಿಟ್ಟು ಹೊಡೆಯಬೇಡಿ, ಮಗುವನ್ನು ಅಲ್ಲಿಂದ ದೂರ ಕರೆದುಕೊಳ್ಳಿ. ಹೊಡೆತ ತಿಂದ ನಾಯಿ ಮುಂದೆ ಗುರ್ ಅನ್ನುವುದನ್ನು ಬಿಟ್ಟು ನೇರವಾಗಿ ಕಚ್ಚಲು ಕಲಿಯುತ್ತದೆ. ಪುಟ್ಟ ಮಕ್ಕಳಿಗೆ ಕಚ್ಚುವುದು ಹೆಚ್ಚಾಗಿ ಅಪರಿಚಿತ ನಾಯಿಯಲ್ಲ, ಮನೆಯದೋ ಪಕ್ಕದ ಮನೆಯದೋ ಆಗಿರುತ್ತದೆ. ಅವರ ಎತ್ತರ ನಾಯಿಯ ಬಾಯಿಯ ಮಟ್ಟದಲ್ಲಿರುವುದರಿಂದ ಗಾಯ ಮುಖಕ್ಕೆ, ಕುತ್ತಿಗೆಗೆ. ಎಷ್ಟೇ ಸಾಧು ನಾಯಿಯಾಗಲಿ, ನಿಮ್ಮ ಮಗ ಮತ್ತು ನಾಯಿ ಇಬ್ಬರೇ ಒಂದು ಕೋಣೆಯಲ್ಲಿ ಇರಬಾರದು. ನಾಯಿ ತಿನ್ನುವಾಗ, ಮಲಗಿರುವಾಗ ಮುಟ್ಟಬಾರದು. ಇದು ಅವನಿಗೆ ಆರೇಳು ವರ್ಷವಾಗುವವರೆಗಾದರೂ ನಡೆಯಬೇಕು. ಇಬ್ಬರ ಮೇಲೂ ಕಣ್ಣಿಡುವುದು ದೊಡ್ಡವರ ಕೆಲಸ, ಅಂದರೆ ನಿಮ್ಮ ಬುಧವಾರದ ಹಾಳೆಯಲ್ಲಿ ಮತ್ತೊಂದು ಸಾಲು.

ರೇಬೀಸ್ ವಿಷಯದಲ್ಲಿ ಉದಾಸೀನ ಸಲ್ಲದು. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 59,000 ಜನ ಇದರಿಂದ ಸಾಯುತ್ತಾರೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ನೂರರಲ್ಲಿ 99 ಪ್ರಕರಣ ನಾಯಿಗಳಿಂದ ಬಂದದ್ದು, ಸತ್ತವರಲ್ಲಿ ಹತ್ತಕ್ಕೆ ನಾಲ್ವರು 15 ವರ್ಷದೊಳಗಿನ ಮಕ್ಕಳು. ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸುವ ಚಿಕಿತ್ಸೆಯಿಲ್ಲ, ಆದರೆ ಲಸಿಕೆಯಿಂದ ಪೂರ್ತಿ ತಡೆಯಬಹುದು. ನಾಯಿಗೆ ಮೂರು ತಿಂಗಳಿಗೆ ಮೊದಲ ಲಸಿಕೆ, ವರ್ಷದ ನಂತರ ಇನ್ನೊಂದು, ಆಮೇಲೆ ವೈದ್ಯರು ಹೇಳಿದಂತೆ. ಮನೆಯ ನಾಯಿಯೇ ಪರಚಿದರೂ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ.

ಉಳಿದ ಖರ್ಚುಗಳನ್ನು ಒಂದೇ ಉಸಿರಿನಲ್ಲಿ ಹೇಳುತ್ತೇನೆ. ನಾಯಿಯನ್ನು ಕೊಳ್ಳುವ ಹಣ ಒಟ್ಟು ಖರ್ಚಿನಲ್ಲಿ ಬಹಳ ಸಣ್ಣದು. ಪ್ರತಿ ವರ್ಷ ಲಸಿಕೆ, ಮೂರು ತಿಂಗಳಿಗೊಮ್ಮೆ ಜಂತುಹುಳುವಿನ ಔಷಧಿ, ಉಣ್ಣೆ ಚಿಗಟಗಳಿಗೆ ಔಷಧಿ, ಸಂತಾನಹರಣ ಶಸ್ತ್ರಚಿಕಿತ್ಸೆ, ನೀವು ಊರಿಗೆ ಹೋದಾಗ ನೋಡಿಕೊಳ್ಳುವವರ ವ್ಯವಸ್ಥೆ. ಶಸ್ತ್ರಚಿಕಿತ್ಸೆ ಮಾಡಿಸದ ಹೆಣ್ಣು ನಾಯಿ ಸುಮಾರು ಆರು ತಿಂಗಳಿಗೊಮ್ಮೆ ಬೆದೆಗೆ ಬರುತ್ತದೆ, ವಯಸ್ಸಾದ ಮೇಲೆ ಗರ್ಭಕೋಶದಲ್ಲಿ ಕೀವು ತುಂಬಿ ಪ್ರಾಣಕ್ಕೇ ಕುತ್ತಾಗಬಹುದು. ಇವಲ್ಲದೆ, ಯಾವುದೋ ಒಂದು ರಾತ್ರಿ ಬರುವ ದೊಡ್ಡ ಖರ್ಚಿಗೆ ಒಂದಿಷ್ಟು ಹಣ ಬೇರೆಯೇ ತೆಗೆದಿಟ್ಟಿರಬೇಕು. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆ ಬರಹದಲ್ಲಿ ಇರಲಿ.

ಇದೆಲ್ಲ ಓದಿ ನೀವು ಎದೆಗುಂದಬಾರದು. ಬೆಳೆದ ನಾಯಿ ತನ್ನಿ ಅಂದದ್ದಕ್ಕೆ ಕಾರಣವಿದೆ. ಮೂರು ವರ್ಷದ ನಾಯಿ ಏನಾಗಬೇಕೋ ಅದು ಆಗಿರುತ್ತದೆ. ಎಷ್ಟು ಎತ್ತರ, ಮಕ್ಕಳೆಂದರೆ ಹೇಗೆ, ಒಂಟಿಯಾಗಿ ಬಿಟ್ಟರೆ ಏನು ಮಾಡುತ್ತದೆ, ಎಲ್ಲ ನೋಡಿ ತಿಳಿಯಬಹುದು. ಹಲ್ಲಿನ ಕಡಿತ, ಹರೆಯದ ಹುಚ್ಚಾಟ ಮುಗಿದಿರುತ್ತದೆ. ನಾಲ್ಕು ಗಂಟೆ ಆರಾಮಾಗಿ ಒಂಟಿಯಾಗಿರಬಲ್ಲದು, ಅದಕ್ಕಿಂತ ಹೆಚ್ಚು ಹೊತ್ತು ಬಿಡುವುದು ಒಳ್ಳೆಯದಲ್ಲ. ದೊಡ್ಡ ನಾಯಿ ಹೊಸ ಮನೆಗೆ ಹೊಂದುವುದಿಲ್ಲ ಎಂಬ ನಂಬಿಕೆ ತಪ್ಪು. ಮೊದಲ ಮೂರು ದಿನ ಮೂಲೆ ಹಿಡಿದು ಮಲಗುತ್ತದೆ, ಮೂರು ವಾರಕ್ಕೆ ಮನೆಯ ವೇಳಾಪಟ್ಟಿ ಕಲಿಯುತ್ತದೆ, ಮೂರು ತಿಂಗಳಿಗೆ ಅದು ನಿಮ್ಮದೇ ನಾಯಿ. ಮರಿಯಿಂದಲೇ ಸಾಕಿದ ನಾಯಿಗಿಂತ ಅದರ ಪ್ರೀತಿ ಒಂದು ಗುಲಗಂಜಿಯಷ್ಟೂ ಕಡಿಮೆಯಿರುವುದಿಲ್ಲ. ನಾನು ಈ ಮಾತನ್ನು ಕಣ್ಣಾರೆ ಕಂಡು ಹೇಳುತ್ತಿದ್ದೇನೆ. ಎಂಟು ವರ್ಷದ ನಾಯಿ ಹೊಸ ಮನೆಗೆ ಬಂದು, ಯಜಮಾನರ ಚಪ್ಪಲಿಯ ಸದ್ದನ್ನು ಗೇಟಿನಾಚೆಯಿಂದಲೇ ಗುರುತಿಸಿ ಮೈಯೆಲ್ಲ ಬಾಲವಾದಂತೆ ಕುಣಿಯುವುದನ್ನು ನೋಡಿದ್ದೇನೆ.

ಆರಿಸುವಾಗ ನಾಯಿಗಳ ಆಶ್ರಯತಾಣಕ್ಕೆ ಬೇರೆ ಬೇರೆ ಹೊತ್ತಿನಲ್ಲಿ ಎರಡು ಸಲವಾದರೂ ಹೋಗಿ, ಮಗನನ್ನೂ ಕರೆದುಕೊಂಡು ಹೋಗಿ. ಮೂಲೆಯಲ್ಲಿ ಮುದುಡಿ ಕೂತ ನಾಯಿಯನ್ನು ಕಂಡರೆ ಕರುಳು ಚುರುಕ್ ಅನ್ನುತ್ತದೆ, ಆದರೆ ಪುಟ್ಟ ಮಗುವಿರುವ ಮನೆ ಅದಕ್ಕೆ ಸರಿಯಾದ ಜಾಗವಲ್ಲ. ಬಾಗಿಲು ತೆಗೆದ ಕೂಡಲೇ ಎದೆಗೆ ಹಾರುವುದೂ ನಿಮಗೆ ಬೇಡ. ತಾನಾಗಿ ಹತ್ತಿರ ಬಂದು ಮೂಸಿ, ಸ್ವಲ್ಪ ಹೊತ್ತು ಪಕ್ಕದಲ್ಲಿ ನಿಂತು, ಮಗುವಿನ ಕೈಯಿಂದ ಬಿಸ್ಕತ್ತು ಬಿದ್ದರೆ ಮೆಲ್ಲಗೆ ತೆಗೆದುಕೊಳ್ಳುವ ನಾಯಿ ಸಿಗುವವರೆಗೆ ಕಾಯಿರಿ. ಎರಡು ವಾರ ಮನೆಯಲ್ಲಿಟ್ಟು ನೋಡಿ ಆಮೇಲೆ ನಿರ್ಧರಿಸುತ್ತೇವೆ ಅಂತ ಕೇಳಿ, ಒಳ್ಳೆಯ ಆಶ್ರಯತಾಣದವರು ಒಪ್ಪುತ್ತಾರೆ.

ತಳಿಯ ಬಗ್ಗೆ ನಾನು ಹೆಚ್ಚು ತಲೆಕೆಡಿಸಿಕೊಳ್ಳುವುದಿಲ್ಲ. ಯಾವ ತಳಿಯೆಂದು ಹೇಳಲಾಗದ ಮಿಶ್ರ ನಾಯಿ ನಿಮಗೆ ಚೆನ್ನಾಗಿಯೇ ಒದಗುತ್ತದೆ. ಬಾರ್ಡರ್ ಕೋಲಿ ದಿನವಿಡೀ ಕುರಿ ಅಟ್ಟಲು ಬೆಳೆದದ್ದು, ಕುರಿ ಇಲ್ಲದಿದ್ದರೆ ನಿಮ್ಮ ಮಕ್ಕಳನ್ನು ಅಟ್ಟುತ್ತದೆ. ಹಸ್ಕಿ ಹಿಮದಲ್ಲಿ ಬಂಡಿ ಎಳೆಯಲು ಬೆಳೆದದ್ದು. ಪಗ್, ಬುಲ್‌ಡಾಗ್‌ಗಳ ಮೂತಿ ಚಪ್ಪಟೆ, ಉಸಿರಾಟವೇ ಕಷ್ಟ. ನಾಯಿಗಳಿಗೆ ಅಂಗಾಲು ಬಿಟ್ಟರೆ ಬೆವರು ಬರುವುದಿಲ್ಲ, ತೇಕಿಯೇ ಮೈ ತಂಪು ಮಾಡಿಕೊಳ್ಳಬೇಕು, ಹಾಗಾಗಿ ಇವುಗಳಿಗೆ ಸೆಕೆ ಪ್ರಾಣಾಪಾಯ.

ಇನ್ನು ನಿಮ್ಮ ಪತಿಗೆ ಒಂದು ಪರೀಕ್ಷೆ. ನಾಳೆಯಿಂದ 30 ದಿನ, ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಅರ್ಧ ಗಂಟೆ, ರಾತ್ರಿ ಅರ್ಧ ಗಂಟೆ, ಅವರು ನಡೆದು ಬರಲಿ. ಮಗಳೂ ಜೊತೆಗೆ ಹೋಗಲಿ. ಮಳೆ ಬಂದರೂ, ಹಿಂದಿನ ರಾತ್ರಿ ತಡವಾಗಿ ಮಲಗಿದ್ದರೂ ಹೋಗಬೇಕು. ಮಧ್ಯಾಹ್ನ ಒಮ್ಮೆ ಮನೆಗೆ ಬಂದು ಹೋಗುವುದೋ, ಯಾರನ್ನಾದರೂ ಗೊತ್ತುಮಾಡುವುದೋ, ಅದನ್ನೂ ಅವರೇ ಹೊಂದಿಸಲಿ. ನೀವು ನೆನಪಿಸಬೇಡಿ, ಎಬ್ಬಿಸಬೇಡಿ. ನೆನಪಿಸುವುದೂ ಒಂದು ಕೆಲಸವೇ, ಅದು ನಿಮ್ಮದಾಗಬಾರದು. ಹೋದ ದಿನಕ್ಕೆ ಕ್ಯಾಲೆಂಡರಿನಲ್ಲಿ ಮಗಳು ಒಂದು ಗುರುತು ಹಾಕಲಿ. ಮೂವತ್ತರಲ್ಲಿ ಇಪ್ಪತ್ತೇಳು ಗುರುತು ಬಿದ್ದರೆ ನನಗೆ ಧೈರ್ಯ ಬರುತ್ತದೆ. ಒಂಬತ್ತನೇ ದಿನಕ್ಕೆ ನಿಂತರೆ ಅದು ಬರೀ ಆರಂಭಶೂರತ್ವ, ನಾಯಿ ಬಂದಿದ್ದರೂ ಒಂಬತ್ತನೇ ದಿನಕ್ಕೇ ನಿಲ್ಲುತ್ತಿತ್ತು.

ಮಗಳಿಗೆ "ನೀನು ನೋಡಿಕೊಳ್ಳಲ್ಲ ಬಿಡು" ಅಂತ ಮಾತ್ರ ಹೇಳಬೇಡಿ. ಇದ್ದದ್ದನ್ನು ಇದ್ದ ಹಾಗೆ ಹೇಳಿ. ತಮ್ಮನ ಉಸಿರಾಟದ ಬಗ್ಗೆ ಡಾಕ್ಟರನ್ನು ಕೇಳಬೇಕು, ಅಪ್ಪ ತಯಾರಾಗಬೇಕು, ಆರು ತಿಂಗಳಾದ ಮೇಲೆ ಮತ್ತೆ ಕೂತು ಮಾತಾಡೋಣ, ಆಗಲೂ ಬೇಡ ಅನ್ನಿಸಬಹುದು ಅಂತ. ಹುಟ್ಟುಹಬ್ಬಕ್ಕೆ ಆ ಕ್ಯಾಲೆಂಡರ್ ಕೊಡಿ. ನಾಯಿಯ ಬೆಲ್ಟು, ಬಟ್ಟಲು ಈಗಲೇ ಕೊಡಬೇಡಿ, ಅದು ಮಾತು ಕೊಟ್ಟಂತೆ ಆಗುತ್ತದೆ. ಈ ಆರು ತಿಂಗಳಲ್ಲಿ ಪರಿಚಯದವರ ನಾಯಿಯನ್ನು ಹೇಗೆ ಮಾತಾಡಿಸುವುದು, ಯಾವಾಗ ಮುಟ್ಟಬಾರದು ಅನ್ನುವುದನ್ನು ಅವಳು ಕಲಿಯಲಿ.

ಕೊನೆಗೆ ಒಂದು ಕೋರಿಕೆ. ನಿಮ್ಮ ಪತಿ ಚಿಕ್ಕಂದಿನಲ್ಲಿ ನಾಯಿಯ ಜೊತೆ ಬೆಳೆದರು ಅಂತ ಬರೆದಿದ್ದೀರಿ. ಅತ್ತೆಯವರ ಹತ್ತಿರ ಒಂಟಿಯಾಗಿ ಕೂತು ಮಾತಾಡುವಾಗ ಇದನ್ನೂ ಕೇಳಿ: ಆ ನಾಯಿಗೆ ದಿನಾ ಊಟ ಹಾಕುತ್ತಿದ್ದವರು ಯಾರು, ಕಾಯಿಲೆ ಬಿದ್ದಾಗ ರಾತ್ರಿ ಎದ್ದು ಕೂರುತ್ತಿದ್ದವರು ಯಾರು, ಅದು ಹೇಗೆ ಹೋಯಿತು. ಭಯವಿಲ್ಲ, ಇಷ್ಟವೂ ಇಲ್ಲ ಅಂತ ನಿಮಗೆ ಕಾಣುತ್ತಿರುವುದರ ಹಿಂದೆ ಏನಿದೆಯೋ ತಿಳಿಯುತ್ತದೆ. ಸಾಧ್ಯವಾದರೆ ಅದೇ ಮಾತನ್ನು ಅವರ ಬಾಯಿಂದಲೇ ನಿಮ್ಮ ಪತಿಯೂ ಕೇಳಲಿ. ಆಮೇಲೆ ನನಗೆ ಮತ್ತೆ ಬರೆಯಿರಿ, ಮಗನ ವೈದ್ಯರು ಏನೆಂದರು ಅನ್ನುವುದನ್ನೂ ಸೇರಿಸಿ.